ದ್ರಾಕ್ಷಾಯಿಣಿ ಏರಿಸಿದ ಹ್ಯಾಂಡಲ್

ಮಾಂತೇಶ ತನ್ನ ಹಳೆಯ ಬೈಕಿಗೆ ತಗ್ಗು ಹ್ಯಾಂಡಲ್ ಹಾಕಿಸಿಕೊಂಡು ಪಣಜಿ ಪಕ್ಕದ ಚಿಂಬಲ್ಲಿನ ಓಣಿಗೆ ಬಂದ ಸಂಜೆ ಅವನ ಹೆಂಡತಿ ದ್ರಾಕ್ಷಾಯಿಣಿಗೆ ಮೊದಲು ಕಂಡದ್ದು ಗಂಡನ ಬೆನ್ನು. ಮುಖ ಎಲ್ಲೋ ಕೆಳಗೆ ಮೀಟರಿನ ಹತ್ತಿರ ಇತ್ತು. ಈ ಮನುಷ್ಯ ರಸ್ತೆಯಲ್ಲಿ ಏನನ್ನೋ ಬೀಳಿಸಿಕೊಂಡು ಹುಡುಕುತ್ತ ಬರುತ್ತಿದ್ದಾನೆ ಎಂದುಕೊಂಡು ಅವಳೂ ನೆಲ ನೋಡತೊಡಗಿದಳು.

ಮಾಂತೇಶ ಟೈಲ್ಸ್ ಕೂಡಿಸುವವನು. ದಿನವಿಡೀ ಯಾರದೋ ಹೊಸ ಫ್ಲ್ಯಾಟಿನ ನೆಲದ ಮೇಲೆ ಮೊಣಕಾಲೂರಿ ಬಗ್ಗಿರುವುದೇ ಅವನ ಕೆಲಸ. ಅಂಥವನು ಮನೆಗೆ ಬರುವಾಗಲೂ ಬಗ್ಗಿಕೊಂಡೇ ಬರಬೇಕೆಂದು ಯಾಕೆ ಆಸೆಪಟ್ಟನೋ ದೇವರೇ ಬಲ್ಲ. ಪಣಜಿಯ ರಸ್ತೆಯಲ್ಲಿ ದೊಡ್ಡ ಬೈಕುಗಳ ಮೇಲೆ ಟ್ಯಾಂಕಿಗೆ ಎದೆ ಹಚ್ಚಿ ಹಾರಿಹೋಗುವ ಹುಡುಗರನ್ನು ಕಂಡಿದ್ದ. ಹಳೆಯ ಹ್ಯಾಂಡಲ್ ಬಿಚ್ಚಿಸಿ, ಕೋಲಿನಂತೆ ನೆಟ್ಟಗಿರುವ ಒಂದನ್ನು ತಗ್ಗಿಗೆ ಕೂಡಿಸಿಕೊಂಡಿದ್ದ.

ಶುಕ್ರವಾರ ಬಂತು. ಪ್ರತಿ ಶುಕ್ರವಾರ ಮ್ಹಾಪಸಾದ ಸಂತೆಯಲ್ಲಿ ದ್ರಾಕ್ಷಾಯಿಣಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾರಲು ಕೂಡುತ್ತಾಳೆ. ಮಾಂತೇಶ ಅವಳನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ಇಷ್ಟು ದಿನ ಗಂಡ ನೆಟ್ಟಗೆ ಕೂತು ಗಾಡಿ ಹೊಡೆಯುವಾಗ ಅವನ ಅಗಲ ಬೆನ್ನು ಅವಳಿಗೊಂದು ಗೋಡೆ. ಈಗ ಗೋಡೆ ಮಲಗಿಬಿಟ್ಟಿತ್ತು. ಮಾಂಡವಿ ಸೇತುವೆಯ ಗಾಳಿಯೆಲ್ಲ ಅವಳ ಮುಖಕ್ಕೇ. ಬ್ರೇಕ್ ಹಾಕಿದಾಗಲೆಲ್ಲ ಅವಳೂ ರೊಟ್ಟಿ ಬುಟ್ಟಿಯೂ ಅವನ ಬೆನ್ನ ಮೇಲೆ ಜಾರಿ, ಆ ಭಾರವೂ ಅವನ ಮಣಿಕಟ್ಟಿಗೆ. ಅಂದು ಅರ್ಧದಷ್ಟು ರೊಟ್ಟಿಗಳು ಸಂತೆ ಮುಟ್ಟುವ ಮೊದಲೇ ಮುರಿದವು.

ಎರಡು ವಾರದೊಳಗೆ ಮಾಂತೇಶನ ಅಂಗೈ ಜೋಮು ಹಿಡಿಯತೊಡಗಿತು. ಊಟಕ್ಕೆ ಕೂತರೆ ತುತ್ತು ಜಾರುತ್ತಿತ್ತು, ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದ. ಟೈಲ್ಸ್ ಕೊಯ್ಯುವ ಮಷೀನಿನ ನಡುಕದಿಂದ ಹೀಗಾಗಿದೆ ಎಂದ. ಹ್ಯಾಂಡಲ್ ಬದಲಿಸಿರಿ ಎಂದು ಅವಳು ಮೆತ್ತಗೆ ಹೇಳಿದ್ದಕ್ಕೆ, ಮೈಗೆ ರೂಢಿ ಬೀಳಬೇಕು, ಗಂಡಸಾದವನು ಹ್ಯಾಂಡಲಿಗೆ ಹೆದರುವುದಿಲ್ಲ ಎಂದುಬಿಟ್ಟ.

ಮರುಮಾತಾಡಿದರೆ ಹಟ ಹೆಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಉಂಡು ಮಲಗಿದನೆಂದರೆ ಅವನು ಏಳುವುದು ಚಹಾದ ವಾಸನೆಗೇ ಎಂಬುದೂ ಗೊತ್ತಿತ್ತು. ಗೂಟಕ್ಕಿದ್ದ ಅಂಗಿಯ ಜೇಬಿನಿಂದ ಕೀಲಿ ತೆಗೆದುಕೊಂಡು, ಬೈಕನ್ನು ಸದ್ದಿಲ್ಲದೆ ತಳ್ಳಿಕೊಂಡು ಪಕ್ಕದ ಓಣಿಯ ಗ್ಯಾರೇಜಿಗೆ ನಡೆದಳು.

ಗ್ಯಾರೇಜಿನ ಚಮನಸಾಬ ಸವಣೂರ ಕಡೆಯ ಮುದುಕ. ತಗಡಿನ ನೆರಳಿನಲ್ಲಿ ಕೂತು ಹ್ಯಾಂಡಲ್ ನೋಡಿ ನಕ್ಕ. "ಇದು ಹೈವೇದಾಗ ಜೋರು ಹೊಡ್ಯಾವ್ರಿಗೆ ಚಲೋ ಯವ್ವಾ. ಎದುರು ಗಾಳಿ ಎದಿ ಎತ್ತಿ ಹಿಡೀತೈತಿ, ಕೈಮ್ಯಾಲ ಭಾರ ಬೀಳೂದಿಲ್ಲ. ಪಣಜಿ ಸಿಗ್ನಲ್‌ನ್ಯಾಗ ಗಾಳಿ ಎಲ್ಲೈತಿ? ಎಲ್ಲಾ ಭಾರ ಮಣಿಕಟ್ಟಿಗೇ."

"ಹಂಗಾದ್ರ ಏರಸ್ರಿ ಚಾಚಾ," ಎಂದಳು ದ್ರಾಕ್ಷಾಯಿಣಿ. "ಆದ್ರ ಅವ್ರಿಗೆ ಗೊತ್ತಾಗಬಾರ್ದು."

ಚಮನಸಾಬನ ಕಣ್ಣು ಮಿನುಗಿದವು. ಮೊದಲ ಸಲ ಅವನು ಕ್ಲಾಂಪ್ ಸಡಿಲಿಸಿ, ಹ್ಯಾಂಡಲಿನ ಬುಡಕ್ಕೆ ತೆಳುವಾದೊಂದು ಬಿಲ್ಲೆ ಇಟ್ಟು ಬಿಗಿದ, ಅಷ್ಟೇ. ಕೂಲಿ ಬೇಡವೆಂದವನಿಗೆ ಅವಳು ಅಗಸಿ ಚಟ್ನಿ ಕೊಟ್ಟಳು. ಮಾಂತೇಶ ಎದ್ದು ಆಕಳಿಸುವಷ್ಟರಲ್ಲಿ ಬೈಕು ಬಾಗಿಲಲ್ಲಿತ್ತು, ಚಹಾ ಒಲೆಯ ಮೇಲಿತ್ತು.

ಆ ವಾರ ಅವನು ಕೆಲಸದಿಂದ ಬರುವಾಗ ಸಿಳ್ಳೆ ಹೊಡೆಯುತ್ತ ಬಂದ. ಕೈ ನೋವು ಕಡಿಮೆಯಾಗಿದೆ, ತಾನು ಹೇಳಿರಲಿಲ್ಲವೇ, ರೂಢಿ ಬೀಳತೊಡಗಿದೆ ಎಂದ. ಅಷ್ಟಕ್ಕೆ ಸುಮ್ಮನಾಗದೆ ದಿನಾ ಬೆಳಿಗ್ಗೆ ಬಾಗಿಲ ಮೇಲಿನ ತೊಲೆ ಹಿಡಿದು ಜೋತಾಡುವ ವ್ಯಾಯಾಮ ಶುರುಮಾಡಿದ. ಬೆನ್ನಿನ ಎಲುಬು ಬಿಚ್ಚಿಕೊಳ್ಳುತ್ತವಂತೆ. ದ್ರಾಕ್ಷಾಯಿಣಿ ಒಲೆಯ ಕಡೆ ಮುಖ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು ರೊಟ್ಟಿ ಬಡಿದಳು.

ಇನ್ನೊಂದು ಭಾನುವಾರ ಇನ್ನೊಂದು ಬಿಲ್ಲೆ ಸೇರಿತು, ಶೇಂಗಾ ಚಟ್ನಿಯ ಪೊಟ್ಟಣ ಚಮನಸಾಬನ ಮನೆ ಸೇರಿತು. ಈಗಂತೂ ಮಾಂತೇಶನಿಗೆ ಕತ್ತೂ ತಿರುಗುತ್ತಿತ್ತು, ಇಕ್ಕಟ್ಟಿನ ಓಣಿಯಲ್ಲಿ ಗಾಡಿಯೂ ತಿರುಗುತ್ತಿತ್ತು. ಸಿಕ್ಕವರಿಗೆಲ್ಲ ತೊಲೆಯ ಮಹಿಮೆ ಹೇಳಿದ. ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಕುಬೇರ, ದ್ರಾಕ್ಷಾಯಿಣಿಯ ತಮ್ಮ, ಮ್ಹಾಪಸಾದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಮಾಮನಂಥದೇ ಬೈಕು ಅವನದೂ. ಅದಕ್ಕೆ ಮಾಮನಂಥದೇ ಹ್ಯಾಂಡಲ್ ಹಾಕಿಸಿಕೊಂಡ. ಮುಂದಿನ ಶುಕ್ರವಾರ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಅಕ್ಕನೆದುರು ಬಂದು ನಿಂತ. ದಿನಾ ಜೋತಾಡುತ್ತಿದ್ದೇನೆ, ಆದರೂ ಬೆನ್ನು ಹಿಡಿದುಕೊಂಡಿದೆ ಎಂದ. ಮಾಂತೇಶ ಅವನಿಗೆ ಇನ್ನಷ್ಟು ಹೊತ್ತು ಜೋತಾಡಲು ಹೇಳಿದ. ದ್ರಾಕ್ಷಾಯಿಣಿಗೆ ಪಾಪ ಎನಿಸಿತು, ಆದರೆ ಬಾಯಿ ಬಿಟ್ಟರೆ ಬಣ್ಣ ಬಯಲಾಗುತ್ತಿತ್ತು.

ಆಗಲೇ ನಿಲ್ಲಿಸಿದ್ದರೆ ಆಗುತ್ತಿತ್ತು. ಗಂಡನ ನೋವು ಹೋಗಿತ್ತು. ಆದರೆ ಅವಳಿಗೆ ತನ್ನ ಗೋಡೆ ಪೂರ್ತಿ ಎದ್ದು ನಿಲ್ಲಬೇಕಿತ್ತು. ಗುರುವಾರ ಸಂಜೆ ಗಂಡ ದಣಿದು ಅಡ್ಡಾದಾಗ ಮೂರನೆಯ ಸಲ ಹೋದಳು. ಚಮನಸಾಬ ಬೇಡವೆಂದು ತಲೆಯಾಡಿಸಿದ. ಇನ್ನೂ ಏರಿಸಿದರೆ ಎಂಜಿನ್ನಿಗೆ ರೇಸ್ ಕೊಡುವ ವಾಯರ್ ಸಾಲುವುದಿಲ್ಲ, ಹ್ಯಾಂಡಲ್ ಪೂರ್ತಿ ಹೊರಳಿಸಿದಾಗ ಎಳೆದು ಹಿಡಿಯುತ್ತದೆ, ಉದ್ದನೆಯ ವಾಯರ್ ತರಿಸುತ್ತೇನೆ, ಒಂದು ವಾರ ತಡೆ ಎಂದ. ಅವಳು ತಡೆಯಲಿಲ್ಲ. ಈಗ ಏರಿಸಿರಿ, ವಾಯರ್ ಆಮೇಲೆ ಹಾಕಿದರಾಯಿತು ಎಂದು ಬೆನ್ನುಬಿದ್ದಳು. ಒಲ್ಲದ ಮನಸ್ಸಿನಿಂದ ಅವನು ಬೆರಳುದ್ದದ ಬಿಲ್ಲೆಗಳನ್ನು ಹಾಕಿ, ಹ್ಯಾಂಡಲ್ ಪೂರ್ತಿ ಹೊರಳಿಸಬೇಡಿರೆಂದು ಗಂಡನಿಗೆ ಹೇಳು ಎಂದ. ಹೇಗೆ ಹೇಳುತ್ತಾಳೆ?

ಶುಕ್ರವಾರ ಬೆಳಿಗ್ಗೆ ಮಾಂತೇಶ ಬೈಕನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ. ಹೊತ್ತಾಯಿತು ಎಂದು ಅವಳು ಬುಟ್ಟಿ ಎತ್ತಿಕೊಂಡು ಅವಸರ ಮಾಡಿದಳು. ಸೇತುವೆಯ ಮೇಲೆ ಗಾಳಿ ಅವನ ಅಂಗಿಯೊಳಗೆ ಹೊಕ್ಕು ಹಾಯಿಯ ಹಾಗೆ ಉಬ್ಬಿಸಿತು. ಎತ್ತರದ ಹ್ಯಾಂಡಲ್ ಹಿಡಿದು ಎದೆಯೊಡ್ಡಿ ಕೂತವನನ್ನು ಗಾಳಿ ಹಿಂದಕ್ಕೆ ದಬ್ಬಿತು. ಮುಂದಿನ ಗಾಲಿ ಹಗುರಾಗಿ ಗಾಡಿ ಅತ್ತಿತ್ತ ಅಲೆಯಿತು. ಅವಳು ಬುಟ್ಟಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಈಗಲಾದರೂ ಹೇಳಿಬಿಡಬೇಕು ಎಂದುಕೊಂಡಳು. ಪರ್ವರಿ ದಾಟಿದ ಮೇಲೆ ಹೇಳೋಣ, ಮ್ಹಾಪಸಾ ಮುಟ್ಟಿದ ಮೇಲೆ ಹೇಳೋಣ ಎನ್ನುತ್ತ ಸಂತೆ ಬಂದೇಬಿಟ್ಟಿತು.

ಅವಳು ಬುಟ್ಟಿ ಸಮೇತ ಇಳಿದಳು. ಗಾಡಿ ತಿರುಗಿಸಲೆಂದು ಮಾಂತೇಶ ಹ್ಯಾಂಡಲ್ ಪೂರ್ತಿ ಹೊರಳಿಸಿದ. ವಾಯರ್ ಬಿಗಿದು, ಎಂಜಿನ್ ತಾನಾಗಿಯೇ ಭೋರೆಂದು ಚೀರಿ, ಬೈಕು ಅವನನ್ನು ಹೊತ್ತುಕೊಂಡು ಸೀದಾ ಸಂತೆಯಲ್ಲಿ ಪಕ್ಕಕ್ಕೆ ಕೂಡುವ ದೇವಿಬಾಯಿಯ ಬಿದಿರು ಬುಟ್ಟಿಗಳ ರಾಶಿಯೊಳಗೆ ನುಗ್ಗಿತು. ದೇವಿಬಾಯಿ ಚಹಾ ಕುಡಿಯಲು ಹೋಗಿದ್ದಳು, ಪುಣ್ಯ. ಜನ ಓಡಿ ಬಂದು ಬುಟ್ಟಿಗಳನ್ನು ಸರಿಸಿದಾಗ ಮಾಂತೇಶ ತಲೆಯ ಮೇಲೊಂದು ಮೊರ ಹೊತ್ತು ಕೂತಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಓಡಿಬಂದವರಲ್ಲಿ ಕುಬೇರನೂ ಇದ್ದ. ಬೈಕನ್ನು ಎತ್ತಿ ತನ್ನ ಬೈಕಿನ ಪಕ್ಕಕ್ಕೆ ನಿಲ್ಲಿಸಿ, ಎರಡನ್ನೂ ಬದಲಿಸಿ ಬದಲಿಸಿ ನೋಡಿದ. ಒಂದರ ಹ್ಯಾಂಡಲ್ ಅವನ ತೊಡೆಯ ಮಟ್ಟಕ್ಕಿತ್ತು, ಇನ್ನೊಂದರದು ಸೊಂಟ ದಾಟಿತ್ತು.

"ಮಾಮಾ," ಎಂದ ನಿಧಾನಕ್ಕೆ, "ತೊಲಿ ಹಿಡದು ಜೋತಾಡಿದ್ದು ನೀವೋ, ನಿಮ್ಮ ಹ್ಯಾಂಡಲ್ಲೋ?"

ಸಂತೆ ನಕ್ಕಿತು. ಮಾಂತೇಶ ಬಗ್ಗಿ ಬಿಲ್ಲೆಗಳನ್ನು ಮುಟ್ಟಿ ನೋಡಿದ. ಆಮೇಲೆ ತಲೆಯೆತ್ತಿ ಹೆಂಡತಿಯನ್ನು ನೋಡಿದ. ದ್ರಾಕ್ಷಾಯಿಣಿಗೆ ಬುಟ್ಟಿಯೊಳಗೆ ಅಡಗಿಕೊಳ್ಳುವ ಮನಸ್ಸಾಯಿತು.

"ನಾನ ಏರಿಸೀನ್ರಿ," ಎಂದಳು. "ನೀವು ತುತ್ತು ಎತ್ತಾಕ ಒದ್ದಾಡೂದು ನೋಡಾಕ ಆಗಲಿಲ್ಲ. ಕಡೀ ಸಲದ್ದು ಮಾತ್ರ ನನ್ನ ಆಸೇಕ್ಕ. ಚಾಚಾ ಬ್ಯಾಡ ಅಂದಿದ್ರು, ನಾ ಕೇಳಲಿಲ್ಲ. ಅದು ನಂದ ತಪ್ಪು."

ಮಾಂತೇಶ ಪಾನಾ ಕೇಳಿ ತಂದು, ಎತ್ತರದ ಬಿಲ್ಲೆಗಳನ್ನು ಬಿಚ್ಚಿ ವಾಯರ್ ಸಡಿಲಾಗಿದೆಯೇ ಎಂದು ಎರಡೂ ಕಡೆ ಹೊರಳಿಸಿ ನೋಡಿದ. ದೇವಿಬಾಯಿ ಬಂದು ಬಂಜಾರ ಭಾಷೆಯಲ್ಲಿ ಬೈದದ್ದನ್ನು ತಲೆತಗ್ಗಿಸಿ ಕೇಳಿದ. ಅಂದು ಕೆಲಸಕ್ಕೆ ಹೋಗದೆ ದೇವಿಬಾಯಿಯ ಪಕ್ಕ ಕೂತು ಮುರಿದ ಬುಟ್ಟಿಗಳಿಗೆ ಹೊಸ ಕಡ್ಡಿ ಸೇರಿಸಿಕೊಟ್ಟ. ಮಾಮನ ಬಳಿ ಇನ್ನು ವಿದ್ಯೆ ಕಲಿಯುವುದಿಲ್ಲ ಎಂದು ಕುಬೇರ ಹಳೆಯ ಹ್ಯಾಂಡಲ್ ಹಾಕಿಸಲು ಹೊರಟುಹೋದ.

ಮನೆಗೆ ಬಂದ ಮೇಲೆ ಮಾಂತೇಶ ಕೇಳಿದ್ದು ಒಂದೇ ಪ್ರಶ್ನೆ.

"ನಾ ಜೋತಾಡುವಾಗ ನಗತಿದ್ಯಾ?"

ಸುಳ್ಳು ಹೇಳಬೇಕೆಂದುಕೊಂಡಳು. ಆಗಲಿಲ್ಲ. "ಭಾಳ ನಗತಿದ್ನಿರಿ," ಎಂದಳು.

ಅವನ ತುಟಿ ಬಿಗಿಯಿತು, ನಡುಗಿತು, ಆಮೇಲೆ ತಡೆಯಲಾರದೆ ಅವನೇ ನಕ್ಕ. ಅಷ್ಟಕ್ಕೇ ಬಿಡುವ ಆಸಾಮಿಯಲ್ಲ ಅವನು. ಹ್ಯಾಂಡಲಿನ ಬಗ್ಗೆ ನಿನಗೆ ಇಷ್ಟು ಗೊತ್ತಿದ್ದ ಮೇಲೆ ಗಾಡಿ ಹೊಡೆಯುವುದನ್ನೂ ಕಲಿ ಎಂದು ಶಿಕ್ಷೆ ವಿಧಿಸಿದ. ಅವಳು ಹೆದರಿ ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದ. ಲರ್ನಿಂಗ್ ಲೈಸೆನ್ಸಿಗೆ ಯಾವ ಸೀರೆ ಉಟ್ಟು ಫೋಟೋ ತೆಗೆಸಲಿ ಎಂದು ಅವಳು ಕೇಳಿದಳು.

ಮೈದಾನದಲ್ಲಿ ಮೊದಲ ದಿನವೇ ತೊಡಕು ಗೊತ್ತಾಯಿತು. ಅವಳ ಕೈ ಗಿಡ್ಡ. ಒಂದು ಕಡೆ ಹೊರಳಿಸಿದರೆ ಇನ್ನೊಂದು ಕಡೆಯ ಹಿಡಿಕೆ ಕೈತಪ್ಪುತ್ತಿತ್ತು, ಭುಜ ಮುಂದಕ್ಕೆ ಜಗ್ಗುತ್ತಿತ್ತು. ಇಬ್ಬರೂ ಚಮನಸಾಬನ ಮುಂದೆ ಹೋಗಿ ನಿಂತರು. ಮುದುಕ ಇಬ್ಬರನ್ನೂ ಒಟ್ಟಿಗೆ ಕಂಡು ಗಾಬರಿಯಾಗಿ, ಚಟ್ನಿ ಪೂರ್ತಿ ಖಾಲಿಯಾಗಿದೆ ಎಂದುಬಿಟ್ಟ. ಬೈಗುಳವಿಲ್ಲವೆಂದು ಖಾತ್ರಿಯಾದ ಮೇಲೆ ಅವಳನ್ನು ಸೀಟಿನ ಮೇಲೆ ಕೂಡಿಸಿ, ಕಣ್ಣು ಮುಚ್ಚಿ ಕೈ ಆರಾಮವಾಗಿ ಮುಂದೆ ಚಾಚು ಎಂದ. ಕೈ ಎಲ್ಲಿ ನಿಂತಿತೋ ಅಲ್ಲಿಗೆ ಬಂದು ಮುಟ್ಟುವಂತೆ ತುದಿ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹುಡುಕಿ ಹಾಕಿದ. ವಾಯರನ್ನೂ ಹೊಸದು ಹಾಕಿದ.

ಈಗ ಮಾಂತೇಶ ಅದೇ ಗಾಡಿಯ ಮೇಲೆ ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ಪರಾತ ಹಿಡಿದು ಬಡಿಸಲು ಹೊರಟವನ ಹಾಗೆ ಕೆಲಸಕ್ಕೆ ಹೋಗುತ್ತಾನೆ. ಜೊತೆಯವರು ಕಾಡಿದರೆ ಗಾಡಿ ನನ್ನ ಹೆಂಡತಿಯದು ಎನ್ನುತ್ತಾನೆ.

ಅವಳಿಗೆ ಪಕ್ಕಾ ಲೈಸೆನ್ಸ್ ಬಂದ ಮೇಲಿನ ಶುಕ್ರವಾರ ಮುಂದಿನ ಸೀಟಿನಲ್ಲಿ ದ್ರಾಕ್ಷಾಯಿಣಿ, ಹಿಂದೆ ಬುಟ್ಟಿ ಅಪ್ಪಿಕೊಂಡು ಮಾಂತೇಶ. ಮ್ಹಾಪಸಾದ ಹಾದಿಯ ಗಿರಿ ಊರಿನ ಹತ್ತಿರ ಮುಂದೆ ಹೋಗುತ್ತಿದ್ದ ಬಸ್ಸು ನಿಧಾನವಾದಾಗಲೆಲ್ಲ ಅವನು ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದ, ಕ್ಲಚ್ ಹಿಡಿ, ಗೇರ್ ಇಳಿಸು ಎಂದು ಕೂಗುತ್ತಿದ್ದ. ಹೆಲ್ಮೆಟ್ಟಿನೊಳಗೆ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. "ಏನಂದ್ರಿ?" ಎಂದು ಒಂದು ಸಲ ಕೇಳಿ, ಬಸ್ಸನ್ನು ದಾಟಿ ಮುಂದೆ ಹೋದಳು.