ಕಾಲುವೆಯ ಪಟ್ಟ

ಪಳನಿಯಮ್ಮಾಳಿಗೆ ಪ್ರಶ್ನೆ ಕೇಳುವ ಚಾಳಿ. ಬಿಳಿಯರ ಸೀಮೆಯ ರಾಣಿಗೆ ಪಟ್ಟ ಕಟ್ಟಿದವರು ಯಾರು ಎಂದು ಒಮ್ಮೆ ತಾಲ್ಲೂಕು ಜವಾನನನ್ನೇ ಕೇಳಿದ್ದಳು. ಪಾಪ, ಅವಳು ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಅವನು ಎದ್ದುಹೋದ.

ಮಲೆ ಕೊರೆದು ತಂದ ಪೆರಿಯಾರ್ ನದಿಯ ನೀರು ಕಣಿವೆಗೆ ಇಳಿದ ಹೊಸತು. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈ ಊರಲ್ಲಿ ನೆಲೆಸಿದ ಕನ್ನಡದ ಮನೆಗಳವರೂ ಭತ್ತ ನಾಟಿ ಮಾಡಿದ್ದರು. ಕಾಲುವೆಯ ನೀರು ಹಂಚುವ ಗುದ್ದಲಿ ಮಾಯಾಂಡಿಯ ಕೈಲಿತ್ತು. ನೀರು ಮೊದಲು ಮುಟ್ಟುವ ಗದ್ದೆಯೂ ಅವನದೇ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಕಾಲುವೆಯ ತುದಿಯಲ್ಲಿ ಪಳನಿಯಮ್ಮಾಳ ಪೈರು ಹಳದಿ ತಿರುಗಿತ್ತು. ಈ ವಾರ ನೀರು ಬರದಿದ್ದರೆ ವಿಧವೆಯ ವರ್ಷದ ಅನ್ನ ಹೋದಂತೆಯೇ.

ಆಗಲೇ ದೇವರಿಗೆ ಬಿಟ್ಟ ದನದ ಮಂದೆಯ ಪಟ್ಟದ ಹೋರಿ ಸತ್ತಿತು. ಪದ್ಧತಿಯಂತೆ ಊರ ಹಿರಿಯ ಪೆರಿಯಣ್ಣನ್ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡಿಸಿದ. ಮೊದಲು ಬಾಯಿ ಹಾಕಿದ ಹೋರಿಯೇ ಮಂದೆಯ ಮುಂದಿನ ರಾಜ. ಕೆಂಪು ಹೋರಿಯೊಂದು ನುಗ್ಗಿ ತಿಂದಿತು. ಎಲ್ಲರೂ ಅದಕ್ಕೆ ಅರಿಶಿನ ಹಚ್ಚಿ ಕೈಮುಗಿದರು.

“ದೊಡ್ಡಪ್ಪಾ, ಕಾಲುವೆಯ ರಾಜನಿಗೆ ಯಾರು ಪಟ್ಟ ಕಟ್ಟಿದ್ದು?” ಎಂದಳು ಪಳನಿಯಮ್ಮಾಳ್.

ಪೆರಿಯಣ್ಣನ್ ತಲೆ ಕೆರೆದುಕೊಂಡ. “ಮಾಯಾಂಡಿಯೇ ಗುದ್ದಲಿ ತಕ್ಕೊಂಡ ತಾಯೀ. ಯಾರೂ ಬ್ಯಾಡ ಅನ್ನಲಿಲ್ಲ.”

“ಅಂಗಾದ್ರೆ ಅವನೂ ಕಬ್ಬಿಗೆ ಬಾಯಿ ಹಾಕಿದವನೇ!”

ಜನ ಗೊಳ್ಳೆಂದು ನಕ್ಕರು. ಮಾಯಾಂಡಿ ಸಿಡುಕಿದ. “ಹೋರಿ ತಿಂದ್ರೆ ದೇವರು, ನಾನು ತಿಂದ್ರೆ ಕಳ್ಳನಾ ಅಕ್ಕಾ?”

ಒಳ್ಳೆಯ ಪ್ರಶ್ನೆ. ಅವಳಿಗೇ ಇಷ್ಟವಾಯಿತು. “ಹೋರಿ ತಿಂದ್ರೆ ಯಾರ ಗದ್ದೆನೂ ಒಣಗಲ್ಲ ತಮ್ಮಾ. ಗುದ್ದಲಿ ತುದಿಗದ್ದೆಯವರ ಕೈಲಿರಲಿ. ನೀರು ಎಲ್ಲರ ಗದ್ದೆ ದಾಟಿಯೇ ಅವರಿಗೆ ಬರಬೇಕು.”

“ಆಮಾ, ಹೌದ್ಹೌದು! ನನ್ನ ಗದ್ದೆಗೆ ನೀರು ಬರೋ ಮಡೆ ಮುಚ್ಚಿ ನೀರೆಲ್ಲಾ ನೀನೇ ಒಯ್ದರೆ?” ಎಂದ ಮಾಯಾಂಡಿ.

“ಅದಕ್ಕೇ ಹೋರಿಯಂಗೆ ಸಾಯೋಗಂಟ ಪಟ್ಟ ಬ್ಯಾಡ. ಈ ಬೆಳೆಗೆ ಮಾತ್ರ. ತಪ್ಪಿದ್ರೆ ಊರು ಸೇರಿ ಕಿತ್ಕೊಳ್ಳಿ.”

ಪೆರಿಯಣ್ಣನ್ ಊರನ್ನೇ ಕೇಳಿದ. ಹೆಂಗಸರೂ ಸೇರಿ ಹೆಚ್ಚಿನವರು ಕೈಯೆತ್ತಿದರು. ಮಾಯಾಂಡಿ ಮುಖ ಊದಿಸಿಕೊಂಡೇ ಅವಳಿಗೆ ಗುದ್ದಲಿ ಕೊಟ್ಟ.

ಮರುದಿನ ಬೆಳಿಗ್ಗೆ ಪಳನಿಯಮ್ಮಾಳ್ ಅವನ ಮಡೆಯ ಮುಂದೆ ನಿಂತಳು. ಅವನ ಗದ್ದೆ ಅರ್ಧ ಮಾತ್ರ ತುಂಬಿತ್ತು, ಸುತ್ತ ಯಾರೂ ಇರಲಿಲ್ಲ. ಈಗಲೇ ಎರಡು ಹೆಂಟೆ ಮಣ್ಣು ಎಳೆದು ಮಡೆ ಮುಚ್ಚಿದರೆ ಮಧ್ಯಾಹ್ನಕ್ಕೆ ತನ್ನ ಪೈರಿಗೆ ನೀರು. ಗುದ್ದಲಿ ತಾನಾಗಿ ಮೇಲೆದ್ದಿತು. ಕಬ್ಬು ಎಷ್ಟು ಸಿಹಿ ಎಂಬುದು ಅವಳಿಗೆ ತಿಳಿದದ್ದು ಆಗ. ಹೆದರಿಕೆಯಾಯಿತು.

“ಮಾಯಾಂಡೀ! ಬಾರೋ ತಮ್ಮಾ, ಬಂದು ಇಲ್ಲಿ ನಿಂತ್ಕೋ,” ಎಂದು ಊರಿಗೇ ಕೇಳುವಂತೆ ಕೂಗಿದಳು. “ಒಬ್ಬಳೇ ಇದ್ದರೆ ನನ್ನ ಕೈಯನ್ನ ನಾನೇ ನಂಬಂಗಿಲ್ಲ.”

ಮಾಯಾಂಡಿ ಬಂದು ಬದುವಿನ ಮೇಲೆ ಕೂತ. ಅವನ ಗದ್ದೆ ತುಂಬಿದ ಮೇಲೆಯೇ ಅವಳು ಮಡೆಗೆ ಮಣ್ಣೆಳೆದಳು. ಹೊತ್ತು ಮುಳುಗುವ ಮೊದಲು ತುದಿಗದ್ದೆಯ ಮಣ್ಣು ಒದ್ದೆಯಾಯಿತು.