ಗೇಣುದ್ದ ರೇಷ್ಮೆ

ಜಯದೇವಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಹಗಲಲ್ಲಿ ಉರಿಯುವ ಬಲ್ಬು ಸಾಕು, ತೊಟ್ಟಿಕ್ಕುವ ನಲ್ಲಿ ಸಾಕು. ಚಳ್ಳಕೆರೆಯ ಅವನ ಎಣ್ಣೆ ಮಿಲ್ಲಿನಲ್ಲಿ ಸಂಜೆ ನೆಲ ಗುಡಿಸಿದ ಕಸವನ್ನೂ ಜರಡಿ ಹಿಡಿದು ಶೇಂಗಾ ಕಾಳು ಆರಿಸುತ್ತಿದ್ದರು. ಸಿಪ್ಪೆ ಒಲೆಗೆ ಹೋಗುತ್ತಿತ್ತು, ಒಲೆಯ ಬೂದಿ ಪಾತ್ರೆ ತಿಕ್ಕಲು ಹೋಗುತ್ತಿತ್ತು. ಸುತ್ತಲಿನ ಮಿಲ್ಲುಗಳು ಒಂದೊಂದಾಗಿ ಬೀಗ ಹಾಕಿದಾಗಲೂ ಅವನದು ಓಡುತ್ತಲೇ ಇತ್ತು. ಹಾಗಾಗಿ ಮೊಳಕಾಲ್ಮೂರಿನಲ್ಲಿ ಆರು ಮಗ್ಗಗಳ ಶೆಡ್ಡು ಮಾರಾಟಕ್ಕೆ ಬಂದಾಗ ಅವನು ಹೆಚ್ಚು ಯೋಚಿಸಲಿಲ್ಲ. ಎಣ್ಣೆ ತೆಗೆಸಿದವನಿಗೆ ಸೀರೆ ನೇಯಿಸುವುದು ಎಷ್ಟರ ಕೆಲಸ ಎಂದುಕೊಂಡ.

ಮೊದಲ ದಿನವೇ ಅಲ್ಲಿನ ರೀತಿ ನೋಡಿ ಅವನ ಮೈ ಉರಿಯಿತು. ಒಬ್ಬನ ಎಳೆ ಕಡಿದರೆ ಮೂವರು ಎದ್ದು ಬಂದು ನೋಡುತ್ತಿದ್ದರು. ಮಗ್ಗದಿಂದ ಮಗ್ಗಕ್ಕೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾತು ನಿಲ್ಲುತ್ತಲೇ ಇರಲಿಲ್ಲ.

“ಇದೇನು ಹರಟೆ ಕಟ್ಟೆನಾ? ಮಗ್ಗದಾಗೆ ಕೂತ ಮೇಲೆ ಬಾಯಿ ಬಿಟ್ಟೋನು ಅವತ್ತು ಮನೆಗೆ ಹೋಗ್ಬೇಕು,” ಎಂದ.

ಎಲ್ಲರಿಗಿಂತ ಹಿರಿಯ ನೇಕಾರ ಎರ್ರಿಸ್ವಾಮಿ ಲಾಳಿ ಕೆಳಗಿಟ್ಟ. “ಸಾವ್ಕಾರ್ರೇ, ನಾವು ಮಾತಾಡೋದು ಏನಕ್ಕಂದ್ರೆ—”

“ಹೋಗು ಮನೆಗೆ.”

ಎರ್ರಿಸ್ವಾಮಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ. ಮರುದಿನ ಬಂದು ತುಟಿ ಹೊಲಿದುಕೊಂಡವನಂತೆ ಕೂತ. ಅಂದಿನಿಂದ ಶೆಡ್ಡಿನಲ್ಲಿ ಲಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ಬಾಗಿಲಲ್ಲಿ ನಿಂತು ಆ ಸದ್ದು ಕೇಳುವುದೆಂದರೆ ಜಯದೇವಪ್ಪನಿಗೆ ಊಟ ಮಾಡಿದಷ್ಟು ತೃಪ್ತಿ.

ಎರಡನೇ ತಿಂಗಳ ಕೊನೆಯ ಗುರುವಾರ ಬಂದಾಗ ಎರ್ರಿಸ್ವಾಮಿಯ ಮಗ್ಗದಲ್ಲೂ ಪಕ್ಕದ ಮಹಾಂತೇಶನ ಮಗ್ಗದಲ್ಲೂ ಹಾಸು, ಎಂದರೆ ಮಗ್ಗಕ್ಕೆ ಸುತ್ತಿದ ಉದ್ದೆಳೆ, ಮುಗಿದಿತ್ತು. ಸೀರೆಗಳನ್ನು ಕತ್ತರಿಸಿ ತೆಗೆದಿದ್ದರು. ಆದರೆ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದದ ರೇಷ್ಮೆ ಎಳೆಗಳು ಸಾವಿರಗಟ್ಟಲೆ ಹಾಗೇ ಜೋತುಬಿದ್ದಿದ್ದವು.

“ಇದೇನು? ಇಷ್ಟು ರೇಷ್ಮೆ ನೇತಾಕಿದೀರಲ್ಲ, ನಿಮ್ಮಪ್ಪನ ಮನೇದಾ?”

ಎರ್ರಿಸ್ವಾಮಿ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

“ಇಳ್ಸು ಕೈಯ. ಬೀಡಿ ಸೇದಾಕೆ ಆಮೇಲೆ ಹೋಗ್ವಂತೆ.”

ಎರ್ರಿಸ್ವಾಮಿ ಕೈ ಇಳಿಸಿ ಗೋಡೆಯ ಕಡೆ ನೋಡಿದ. ಜಯದೇವಪ್ಪ ತಾನೇ ಕತ್ತರಿ ತಗೊಂಡು ಎರಡೂ ಮಗ್ಗಗಳ ಎಳೆಗಳನ್ನು ಕಚಕಚ ಕತ್ತರಿಸಿ, ಹಣಿಗೆಯಿಂದಲೂ ಅದರ ಹಿಂದಿನ ದಾರದ ಕುಣಿಕೆಗಳಿಂದಲೂ ಎಳೆದು ಹಾಕಿದ. ಆರು ಜನ ನೋಡುತ್ತಿದ್ದರು. ಒಂದು ಮುಷ್ಟಿ ರೇಷ್ಮೆ ಸಿಕ್ಕಿತು. ಅದನ್ನು ಚೀಲಕ್ಕೆ ತುರುಕಿ, “ಹಿಂಗೆ ಉಳ್ಸೋದು ಕಲೀರಿ,” ಎಂದ.

ಮಧ್ಯಾಹ್ನ ಸೂರಮ್ಮ ಬಂದಳು. ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೆಚ್ಚುವುದು ಅವಳ ಕೆಲಸ. ಕೈಗೆ ಹಚ್ಚಿಕೊಳ್ಳುವ ಬೂದಿಯ ಡಬ್ಬಿ ಬಿಚ್ಚಿ ಮಗ್ಗದ ಮುಂದೆ ಕೂತವಳು ಖಾಲಿ ಹಣಿಗೆ ನೋಡಿ ಡಬ್ಬಿ ಮುಚ್ಚಿದಳು.

“ಎವರು ಕೋಸಿನಾರು?” ಎಂದು ಎರ್ರಿಸ್ವಾಮಿಯನ್ನು ಕೇಳಿದಳು. ಅವನು ಗದ್ದದಿಂದ ಜಯದೇವಪ್ಪನ ಕಡೆ ತೋರಿಸಿದ.

“ನಾನೇ ಕತ್ತರಿಸಿದ್ದು. ಏನೀಗ?”

“ಏನಿಲ್ಲ ಸಾವ್ಕಾರ್ರೇ. ಆ ತುದಿ ಇದ್ದಿದ್ರೆ ನಾಳೆ ಸಂಜಿಗೆ ಒಂದು ಮಗ್ಗ ಕೆಚ್ಚಿ ಕೊಡ್ತಿದ್ದೆ. ಈಗ ನಾಲ್ಕು ಸಾವ್ರ ಎಳೆನೂ ಒಂದೊಂದೇ ಕುಣಿಕೆಗೆ ತೂರಿಸ್ಬೇಕು, ಆಮೇಲೆ ಹಣಿಗೆಗೆ ತೂರಿಸ್ಬೇಕು. ಮಗ್ಗಕ್ಕೆ ಇಬ್ರು, ನಾಲ್ಕು ದಿನ. ಎಣ್ಣೆ ಮಿಲ್ಲಲ್ಲ ಇದು.”

ಜಯದೇವಪ್ಪನ ಕಿವಿ ಕಾದವು. ನೇಕಾರರ ಕಡೆ ತಿರುಗಿದ. “ಆರು ಜನ ಕಣ್ಣು ಬಿಟ್ಕಂಡು ನೋಡ್ತಾ ನಿಂತಿದ್ರಲ್ಲೋ. ಬಾಯಿ ಬಿದ್ದು ಹೋಗಿತ್ತಾ ನಿಮಗೆ?”

“ಹೌದು,” ಎಂದ ಎರ್ರಿಸ್ವಾಮಿ. “ಬಿದ್ದು ಎರಡು ತಿಂಗಳಾತು. ಕೈ ಎತ್ತಿದೆ, ಅದನ್ನೂ ಇಳ್ಸು ಅಂದ್ರಿ.” ಅವನು ಟವೆಲ್ ಕೊಡವಿದ. “ನಮಗೆ ಸೀರೆ ಲೆಕ್ಕದಾಗೆ ಕೂಲಿ. ನಾಲ್ಕು ದಿನ ಖಾಲಿ ಮಗ್ಗ ಕಾಯ್ಕಂಡು ಕೂತ್ರೆ ನನ್ನ ಮನೆ ಒಲೆ ಉರಿಯಲ್ಲ. ಬೊಮ್ಮಲಿಂಗಪ್ಪ ಅವ್ನ ಶೆಡ್ಡಿಗೆ ಕರೀತಾನೇ ಅವ್ನೆ. ಬರ್ತೀನಿ.”

ಮಹಾಂತೇಶನೂ ಚಪ್ಪಲಿ ಹುಡುಕತೊಡಗಿದ. ಎರ್ರಿಸ್ವಾಮಿ ಹೋದರೆ ಉಳಿದವರೂ ಅವನ ಹಿಂದೆ ಹೋಗುತ್ತಾರೆ, ಶೆಡ್ಡು ಗೋಡೌನಾಗುತ್ತದೆ ಎಂಬುದು ಜಯದೇವಪ್ಪನಿಗೆ ಕಣ್ಣೆದುರೇ ಕಂಡಿತು.

ಹೋಗಲಿ ಹಾಳಾಗಿ ಎನ್ನಬೇಕೆಂದು ಬಾಯಿ ತೆರೆದ. ಗೊತ್ತಿದ್ದೂ ಸುಮ್ಮನಿದ್ದ ಮುದುಕನ ಮೇಲೆ ಸಿಟ್ಟು ಬಂತು, ಆ ಮುದುಕ ಸುಮ್ಮನಿರುವಂತೆ ಮಾಡಿದ ತನ್ನ ಮೇಲೆ ಅದರ ಎರಡರಷ್ಟು ಬಂತು. ಕೆಲಸ ಮಾಡದ ದಿನಕ್ಕೆ ಕೂಲಿ ಕೊಟ್ಟು ಅವನಿಗೆ ಗೊತ್ತೇ ಇರಲಿಲ್ಲ.

“ಕೂತ್ಕಳೋ,” ಎಂದ. “ನಾಲ್ಕು ದಿನದ್ದೂ ಕೊಡ್ತೀನಿ. ಇಬ್ರಿಗೂ. ತಪ್ಪು ನಂದು.”

ಎರ್ರಿಸ್ವಾಮಿ ಕೂರಲಿಲ್ಲ. “ಇವತ್ತು ಕೊಡ್ತೀರ. ನಾಳೆ ಇನ್ನೊಂದು ಕತ್ತರಿ ಹಿಡ್ಕಂಡು ಬಂದಾಗ?”

“ಆಗ ಬೈಯಿ. ನನ್ನ ಕೈ ಹಿಡ್ಕ. ಮನೆಗೆ ಹೋಗು ಅಂದ್ರೂ ಹೋಗ್ಬೇಡ.”

“ಎಲ್ರ ಮುಂದೆ ಅಂತಿದೀರ.”

“ಎಲ್ರ ಮುಂದೇನೇ ಅಂತಿದೀನಿ. ಇನ್ನೇನು ಬರ್ಕೊಡ್ಲಾ?”

ಸೂರಮ್ಮ ಹೊಸ ಹಾಸಿನ ಉಂಡೆಯನ್ನು ಮಗ್ಗದ ಹಿಂದಕ್ಕೆ ತಳ್ಳಿದಳು. “ಜಗಳ ಆಮೇಲೆ ಆಡ್ರಿ. ಎರ್ರಿಸ್ವಾಮಣ್ಣ ಮಹಾಂತೇಶನ ಜೊತೆ ಆ ಮಗ್ಗಕ್ಕೆ ಕೂತ್ಕಳ್ಲಿ. ಇಲ್ಲಿ ಹಿಂದೆ ಕೂತು ನನಗೆ ಎಳೆ ಕೊಡೋರು ಯಾರು?”

ಜಯದೇವಪ್ಪ ಅಂಗಿ ತೋಳು ಮಡಚಿ ಮಗ್ಗದ ಹಿಂದೆ ನೆಲದ ಮೇಲೆ ಕೂತ. ಮೂಟೆ ಎತ್ತಿದ ಬೆರಳುಗಳಿಗೆ ಆ ಎಳೆ ಸಿಕ್ಕುತ್ತಲೇ ಇರಲಿಲ್ಲ. ಬೆವರು ಕಣ್ಣಿಗೆ ಇಳಿಯಿತು. ನಲವತ್ತು ಎಳೆ ದಾಟಿಸಲು ಬಸ್ಸು ಚಳ್ಳಕೆರೆ ಮುಟ್ಟುವಷ್ಟು ಹೊತ್ತಾಯಿತು ಅನ್ನಿಸಿತು ಅವನಿಗೆ.

“ನಿಲ್ರಿ,” ಎಂದ ಎರ್ರಿಸ್ವಾಮಿ ಪಕ್ಕದ ಮಗ್ಗದಿಂದ. “ಎಂಟಾದ ಮೇಲೆ ಒಂದು ಎಳೆ ಬಿಟ್ಟೀರ. ಅಲ್ಲಿಂದ ಎಲ್ಲಾ ತಪ್ಪು.”

“ಮೊದ್ಲೇ ಹೇಳಾಕೆ ಏನಾಗಿತ್ತೋ ನಿಂಗೆ?”

“ಈಗ ಕಂಡೆ, ಈಗ ಹೇಳ್ದೆ. ಬಿಚ್ರಿ.”

ಜಯದೇವಪ್ಪ ಹಲ್ಲು ಕಚ್ಚಿಕೊಂಡು ಮೂವತ್ತೆರಡು ಎಳೆಗಳನ್ನು ಒಂದೊಂದಾಗಿ ವಾಪಸ್ ಎಳೆಯತೊಡಗಿದ.