ಆರಿಸಿದ ಹಳದಿ ದೀಪ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನನ್ನಷ್ಟು ಚಂದ ಕಥೆ ಶುರು ಮಾಡುವವನು ಬೈಲಹೊಂಗಲದಿಂದ ರಾಮದುರ್ಗದವರೆಗೆ ಇನ್ನೊಬ್ಬನಿಲ್ಲ. ನನ್ನ ಮೊದಲ ಸಾಲು ಕೇಳಿ ಸವದತ್ತಿಯಲ್ಲಿ ಹೊರಟ ಬಸ್ಸು ನಿಂತದ್ದುಂಟು. (ಡೀಸೆಲ್ ಮುಗಿದಿತ್ತು ಅನ್ನುವವರ ಮಾತು ಕೇಳಬೇಡಿ.) ಆದರೂ ಇದಕ್ಕೆ ಬರೆದ ನಲವತ್ತು ಆರಂಭಗಳನ್ನು ಹರಿದು ಹಾಕಿದ್ದೇನೆ. ಎಲ್ಲದರಲ್ಲೂ ಕಾರು ಬೆಳಗಾವಿ ತಲುಪಿಬಿಡುತ್ತಿತ್ತು.

೧.

ಭೀಮಶಿ ನೇಸರಗಿಯವನು. ಹೆಂಡತಿ ಸತ್ಯವ್ವನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ, ಬೆಳಿಗ್ಗೆ ಹತ್ತಕ್ಕೆ, ಬೆಳಗಾವಿಯಲ್ಲಿ ಡಯಾಲಿಸಿಸ್. ಅವಳು ಬಸ್ಸಿನಲ್ಲಿ ತಲೆ ತಿರುಗಿ ಬಿದ್ದ ಮೇಲೆ ಅವನೊಂದು ಹಳೆಯ ಡೀಸೆಲ್ ಕಾರು ಕೊಂಡ. ಅದು ಒಮ್ಮೆ ಹಳದಿ ಇಂಜಿನ್ ದೀಪ ಹತ್ತಿಸಿಕೊಂಡು ನಡುದಾರಿಯಲ್ಲಿ ನಿಂತಿತು. ಅಂದಿನಿಂದ ಸತ್ಯವ್ವ ಬಾಗಿಲು ಹಿಡಿದು, ಬಗ್ಗಿ, ಡ್ಯಾಶ್‌ಬೋರ್ಡ್ ನೋಡಿಯೇ ಹತ್ತುತ್ತಾಳೆ. ದೀಪ ಕಂಡರೆ ಹತ್ತುವುದಿಲ್ಲ.

೨.

ಮತ್ತೆ ದೀಪ ಹತ್ತಿತು. ಬೈಲಹೊಂಗಲದ ಮೆಕ್ಯಾನಿಕ್ ಸುಭಾಸ ಸ್ಕ್ಯಾನರ್ ಚುಚ್ಚಿದ. (ಆ ಸ್ಕ್ಯಾನರನ್ನು ಮನುಷ್ಯನಿಗೆ ಚುಚ್ಚಿದರೆ ಹೋದ ಜನ್ಮದ ಪಾಪವನ್ನೂ ತೋರಿಸುತ್ತದೆ, ನಾನೇ ಕಂಡಿದ್ದೇನೆ.) ಬಂದ ಕೋಡ್ P0087: ಇಂಜಿನ್ನಿಗೆ ಹೋಗುವ ಡೀಸೆಲ್ಲಿನ ಒತ್ತಡ ಸಾಲದು.

"ಕಾಕಾ, ಫಿಲ್ಟರ್ ಬದಲಿ ಮಾಡಿದ್ರೂ ಅದ ಕೋಡ್ ಬರಾಕತ್ತೈತಿ. ಪಂಪ್ ಬಿಚ್ಚಬೇಕು. ಎರಡ ದಿನಾ ಗಾಡಿ ಬಿಟ್ಟ ಹೋಗ್ರಿ."

"ನಾಳೆ ಆಕೀನ್ನ ಕರಕೊಂಡ ಹೋಗೂದೈತಿ. ಸದ್ಯ ಕೋಡ್ ಅಳಿಸಿ ಕೊಡು."

"ಅಳಿಸಿದ್ರ ದೀಪ ಆರತೈತಿ, ಬ್ಯಾನಿ ಹೋಗಂಗಿಲ್ರಿ."

"ದೀಪ ಆರಿದ್ರ ಸಾಕೋ ಮಾರಾಯಾ. ಆಕಿ ಹತ್ತತಾಳ."

ಸುಭಾಸ ಗುಂಡಿ ಒತ್ತಿದ. (ನಾನು ಅವನ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನಗೆ ಕಥೆ ಬೇಕಿತ್ತು.)

"ಸಾಹಿತಿಗಳ, ಬ್ಯಾಡಂತ ಹೇಳೇನಿ ಅಂತ ಬರ್ಕೋರಿ ಮತ್ತ!" ಅವನು ನನ್ನತ್ತ ತಿರುಗಿ ಹೇಳಿದ.

ಬರೆದಿದ್ದೇನೆ. ಒತ್ತಿದವನೂ ನೀನೇ ಎಂದೂ ಬರೆದಿದ್ದೇನೆ.

೩.

ಮರುದಿನ ಸತ್ಯವ್ವ ಬಗ್ಗಿ ನೋಡಿದಳು. ಹತ್ತಿದಳು. ನೇಸರಗಿ ದಾಟಿ ಮೊದಲ ಏರಿನಲ್ಲಿ ಕಾರು ಎರಡು ಸಲ ಜಗ್ಗಿ ನಿಂತಿತು. ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಹತ್ತು ಗಂಟೆ ತಪ್ಪಿದರೆ ಡಯಾಲಿಸಿಸ್ ಯಂತ್ರ ಬೇರೆಯವರಿಗೆ. ಅವಳ ಪಾಳಿ ಮತ್ತೆ ಮೂರು ದಿನಕ್ಕೆ. ಕಾಲುಗಳು ಆಗಲೇ ಬಾತಿವೆ, ಏದುಸಿರು ಬರುತ್ತಿದೆ. ಎರಡು ಬಸ್ಸು ತುಂಬಿಕೊಂಡು ನಿಲ್ಲದೆ ಹೋದವು. ಫೋನ್ ಮಾಡಿದ ಬಾಡಿಗೆ ಗಾಡಿ ಬರುತ್ತಲೇ ಇದೆ.

೫.

(೪ನ್ನು ಹರಿದೆ. ಅದರಲ್ಲಿ ಕಾರು ತಾನಾಗಿಯೇ ಚಾಲೂ ಆಗಿತ್ತು. ನನಗೇ ನಾಚಿಕೆಯಾಯಿತು.)

ಹೆದರಬೇಡಿ, ನಾನಿದ್ದೇನೆ. ಮುಕ್ತಾಯ ಅ: ಕಿತ್ತೂರಿನಿಂದ ಒಂದು ಆಂಬ್ಯುಲೆನ್ಸ್ ನೆಲ ಮುಟ್ಟದೆ ಹಾರಿ ಬರುತ್ತದೆ. ಮುಕ್ತಾಯ ಆ: ಚಚಡಿ ಊರಿನ ಹತ್ತಿ ಲಾರಿ, ಮೆತ್ತಗಿನ ಹಾಸಿಗೆ...

"ಏ ತಮ್ಮಾ, ಎಲ್ಲೈತಿ ನಿನ್ನ ಲಾರಿ?" ಸತ್ಯವ್ವ ನನ್ನನ್ನೇ ಕೇಳಿದಳು. "ಬರೇ ಬಿಸಲ ಕಾಣತೈತಿ."

"ಬರೀತೇನಿ, ಯವ್ವಾ."

"ನೀ ಬರಿಯೂದ್ರಾಗ ನನ್ನ ಹೆಣಾ ಬೀಳತೈತಿ. ಮೊದಲ ಇವರಿಗಿ ಹೇಳು, ಅಳಬ್ಯಾಡ್ರಿ ಅಂತ. ದೀಪ ಆರಿಸಿಕೊಂಡ ಬಂದಿದ್ದು ನನಗ ಗೊತ್ತಿತ್ತು."

ಈ ಮಾತನ್ನು ನಾನು ಬರೆದದ್ದಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ಭೀಮಶಿ ಅವಳತ್ತ ತಿರುಗಿದ.

"ಗೊತ್ತಿದ್ರ ಯಾಕ ಹತ್ತಿದಿ?"

"ಗ್ಯಾರೇಜಿಗಿ ಹೋದಾವ್ರು ಎರಡ ತಾಸಿನ್ಯಾಗ ಹೊಳ್ಳಿ ಬಂದ್ರಿ. ಎರಡ ತಾಸಿನ್ಯಾಗ ಯಾವ ಇಂಜಿನ್ ರಿಪೇರಿ ಆಗತೈತ್ರಿ? ನಾ ಒಲ್ಲೆ ಅಂದಿದ್ರ ನೀವ ಬಾಗಲದಾಗ ಕುಸದ ಕುಂದರ್ತಿದ್ರಿ. ಅದಕ್ಕ ಹತ್ತಿದೆ."

ಸಾವಿರ ಮುಕ್ತಾಯ ಬಲ್ಲವನು ನಾನು. ಈ ಮಾತಿನ ಮುಂದೆ ಇಡುವಂಥ ಒಂದೂ ಸಿಗಲಿಲ್ಲ. ಭೀಮಶಿ ಮತ್ತೆ ಕೀಲಿಗೆ ಕೈ ಹಾಕಿದ. ಅವಳು ಅವನ ಮುಂಗೈ ಹಿಡಿದಳು.

"ಬಿಡ್ರಿ ಅದನ್ನ. ಎಷ್ಟ ಹೊತ್ತಾತು?"

ಅವನ ಫೋನಿನಲ್ಲಿ ಒಂಬತ್ತು ಐವತ್ತೆರಡು. ಅವನು ಬಾಯಿ ತೆರೆದ. ಓದುಗರೇ, ಅಲ್ಲಿ ಒಂದು ಮಾತು ಇಡಬೇಕಾದವನು ನಾನೇ. 'ಇನ್ನೂ ಟೈಮ್ ಐತಿ' ಎಂದು ಸುಳ್ಳು ಬರೆಯಲಾರೆ. ಬರೆಯದೆಯೂ ಇರಲಾರೆ. ಅವಳು ಅವನ ಮುಖವನ್ನೇ ನೋಡುತ್ತಿದ್ದಾಳೆ, ಪೂರ್ಣವಿರಾಮ ಹಾಕಲು ನನಗೆ ಕೈ ಬರುತ್ತಿಲ್ಲ,